ನಾಳೆಯ ಡ್ಯೂಟಿ ಇವತ್ತೇ ಗೊತ್ತಿರಲಿ: ಠಾಣೆಯ ಒತ್ತಡ ಇಳಿಸಲು ಠಾಣಾಧಿಕಾರಿಗೊಂದು ಕೈಪಿಡಿ

ಪೊಲೀಸರ ಒತ್ತಡದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಶಿಬಿರ ಏರ್ಪಾಡಾಗುತ್ತದೆ. ಬೆಳಿಗ್ಗೆ ಯೋಗ, ಹನ್ನೊಂದಕ್ಕೆ ಉಪನ್ಯಾಸ, ಮಧ್ಯಾಹ್ನ ಹೋಳಿಗೆ ಊಟ, ಗ್ರೂಪ್ ಫೋಟೋ. ಸಂಜೆ ಅದೇ ಸಿಬ್ಬಂದಿ ಬಂದೋಬಸ್ತಿಗೆ ಹಾಜರು. ಯೋಗದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ರಾತ್ರಿ ಗಸ್ತು ಮುಗಿಸಿ ನಿದ್ದೆಗೆಟ್ಟು ಬಂದವನನ್ನು ಚಾಪೆಯ ಮೇಲೆ ಕೂರಿಸಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಅಂದರೆ, ಅವನು ಉಸಿರೆಳೆದುಕೊಂಡು ಅಲ್ಲೇ ನಿದ್ದೆ ಹೋಗುತ್ತಾನೆ. ಅವನಿಗೆ ಬೇಕಾಗಿದ್ದೂ ಅದೇ.

ಪೊಲೀಸರ ಒತ್ತಡವನ್ನು ಅಳೆಯಲು 2006ರಲ್ಲಿ ಮೆಕ್ರಿಯರಿ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ಎರಡು ಪಟ್ಟಿ ಮಾಡಿದರು. ಒಂದರಲ್ಲಿ ಕೆಲಸದೊಳಗಿನ ಒತ್ತಡಗಳಿದ್ದವು: ರಾತ್ರಿ ಪಾಳಿ, ಹೆಣ ನೋಡುವುದು, ಪೆಟ್ಟು ತಿನ್ನುವ ಭಯ, ಹೊತ್ತು ಗೊತ್ತಿಲ್ಲದ ಊಟ. ಇನ್ನೊಂದರಲ್ಲಿ ಇಲಾಖೆಯೇ ಕೊಡುವ ಒತ್ತಡಗಳು: ಪಕ್ಷಪಾತ, ಜನ ಸಾಲದಿರುವುದು, ಕಾಗದದ ಹೊರೆ, ಮೇಲಧಿಕಾರಿಯ ನಡವಳಿಕೆ, ಸದಾ ನಾವು ಸರಿ ಅಂತ ಸಾಬೀತು ಮಾಡುತ್ತಲೇ ಇರಬೇಕಾದ ಸ್ಥಿತಿ. ಆ ಪ್ರಶ್ನಾವಳಿ ಹಲವು ದೇಶಗಳಲ್ಲಿ ಬಳಕೆಗೆ ಬಂತು. ಸಿಬ್ಬಂದಿಯನ್ನು ಹೆಚ್ಚು ಸುಸ್ತು ಮಾಡುವುದು ಎರಡನೆಯ ಪಟ್ಟಿಯೇ ಎಂಬ ಮಾತು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಠಾಣೆಯಲ್ಲಿ ದುಡಿದ ಯಾವ ಹೆಡ್ ಕಾನ್‌ಸ್ಟೇಬಲ್‌ನನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: "ಕಳ್ಳನ್ನ ಹಿಡಿಯೋದು ಕಷ್ಟ ಅಲ್ಲ ಸಾರ್, ಸಾಹೇಬ್ರ ಮೂಡ್ ಹಿಡಿಯೋದೇ ಕಷ್ಟ."

ಹಾಗಾಗಿ ಈ ಲೇಖನ ಮುಖ್ಯವಾಗಿ ಠಾಣೆಯ ಇನ್‌ಸ್ಪೆಕ್ಟರ್ (ಪಿಐ), ಸಬ್ ಇನ್‌ಸ್ಪೆಕ್ಟರ್‌ (ಪಿಎಸ್‌ಐ)ಗಳಿಗೆ. ಸರ್ಕಾರ ಹೊಸ ನೇಮಕಾತಿ ಮಾಡುವ ತನಕ ಕಾಯದೆ, ಅನುದಾನ ಕೇಳದೆ, ನಿಮ್ಮ ಅಧಿಕಾರದ ಮಿತಿಯೊಳಗೇ ಮಾಡಬಹುದಾದ ಕೆಲಸಗಳನ್ನಷ್ಟೇ ಇಲ್ಲಿ ಹೇಳಿದ್ದೇನೆ. ಎಸ್‌ಪಿ ಮಟ್ಟದಲ್ಲಿ ಮಾತ್ರ ಆಗುವಂಥವೂ ಕೆಲವಿವೆ, ಅವು ಕೊನೆಯ ಕಡೆಗೆ ಬರುತ್ತವೆ.

ಹೆಜ್ಜೆ 1: ಮೊದಲು ಎರಡು ವಾರದ ಲೆಕ್ಕ ತೆಗೆಯಿರಿ

ಹೊಸ ಠಾಣೆಗೆ ಹೋದ ತಕ್ಷಣ ಬದಲಾವಣೆ ಶುರು ಮಾಡಬೇಡಿ. ಹಿಂದಿನ ಎರಡು ವಾರದ ಡ್ಯೂಟಿ ಪುಸ್ತಕ ಮತ್ತು ಸ್ಟೇಷನ್ ಡೈರಿ ತೆಗೆದುಕೊಂಡು ಕೂತು ಒಂದು ಹಾಳೆಯಲ್ಲಿ ಗೀಟು ಹಾಕಿ. ಪ್ರತಿ ಹೆಸರಿನ ಮುಂದೆ ನಾಲ್ಕು ಕಾಲಂ ಸಾಕು: ದಿನಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ರಾತ್ರಿ, ಕೊನೆಯ ವಾರದ ರಜೆ ಯಾವತ್ತು, ಕೇಳಿದ ರಜೆ ಎಷ್ಟು ಸಲ ತಿರಸ್ಕಾರವಾಗಿದೆ.

ಪುಸ್ತಕದಲ್ಲಿ "ವಾರದ ರಜೆ" ಎಂದು ಬರೆದ ದಿನ ಆ ಸಿಬ್ಬಂದಿ ನಿಜವಾಗಿ ಮನೆಯಲ್ಲಿದ್ದರಾ ಎಂಬುದನ್ನು ಬೇರೆಯಾಗಿ ವಿಚಾರಿಸಿ. ಕಾಗದದ ಮೇಲೆ ರಜೆ, ಮೈ ಮೇಲೆ ಖಾಕಿ: ಇದು ಹೊಸತೇನಲ್ಲ.

ದೇಶದ ಚಿತ್ರ ಗೊತ್ತಿದ್ದರೆ ನಿಮ್ಮ ಹಾಳೆಯನ್ನು ಹೋಲಿಸಿ ನೋಡಲು ಸುಲಭ. ಕೇಂದ್ರ ಸರ್ಕಾರದ ಪೊಲೀಸ್ ಸಂಶೋಧನಾ ಸಂಸ್ಥೆ ಬಿಪಿಆರ್ ಅಂಡ್ ಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಠಾಣೆ ಸಿಬ್ಬಂದಿಯ 73.6% ಜನ ತಮಗೆ ತಿಂಗಳಿಗೊಂದು ವಾರದ ರಜೆಯೂ ಸಿಗುವುದಿಲ್ಲ ಎಂದಿದ್ದರು. ಎಂಟು ಗಂಟೆಯ ಪಾಳಿ ತರಬೇಕಾದರೆ ಮಂಜೂರಾದ ಬಲವನ್ನು 1.68 ಪಟ್ಟು ಮಾಡಬೇಕಾಗುತ್ತದೆ ಎಂದು ಅದೇ ಅಧ್ಯಯನ ಲೆಕ್ಕ ಹಾಕಿತ್ತು. ಕಾಮನ್ ಕಾಸ್ ಮತ್ತು ಲೋಕನೀತಿ–ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ಪೊಲೀಸರು ಸರಾಸರಿ ದಿನಕ್ಕೆ 14 ಗಂಟೆ ದುಡಿಯುತ್ತಾರೆ. ಮೇಲಧಿಕಾರಿಗಳು ಕೆಟ್ಟ ಭಾಷೆ ಬಳಸುತ್ತಾರೆ ಎಂದು ಐದರಲ್ಲಿ ಇಬ್ಬರು ಸಿಬ್ಬಂದಿ ಹೇಳಿದರು, ಅಧಿಕಾರಿಗಳು ಕೆಳಗಿನವರಿಂದ ಮನೆಗೆಲಸ ಮಾಡಿಸಿಕೊಳ್ಳುತ್ತಾರೆ ಎಂದು ನಾಲ್ಕರಲ್ಲಿ ಒಬ್ಬರು ಹೇಳಿದರು.

ಹಾಳೆಯ ಜೊತೆ ಹೆಸರಿಲ್ಲದ ಚೀಟಿಗಳೂ ಬೇಕು. ಒಂದೇ ಪ್ರಶ್ನೆ ಕೊಡಿ: "ಈ ಠಾಣೆಯಲ್ಲಿ ಯಾವ ಒಂದು ವಿಷಯ ಸರಿಯಾದರೆ ನಿಮಗೆ ಹೆಚ್ಚು ನೆಮ್ಮದಿ?" ಪೆಟ್ಟಿಗೆಯನ್ನು ನಿಮ್ಮ ಚೇಂಬರಿನ ಎದುರು ಇಡಬೇಡಿ. ಊಟದ ಕೋಣೆಯಲ್ಲಿ, ಸಿಸಿ ಕ್ಯಾಮೆರಾ ಕಾಣದ ಕಡೆ ಇಡಿ. ಕೈಬರಹ ಗುರುತಿಸುವ ಚಟ ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್‌ಗಿದ್ದರೆ ಅವರ ಕೈಗೆ ಚೀಟಿಗಳನ್ನು ಕೊಡಬೇಡಿ.

ಬರುವ ಉತ್ತರಗಳಲ್ಲಿ ಸಂಬಳ ಬಹುಶಃ ಮೊದಲು ಬರುವುದಿಲ್ಲ. ಕರ್ನಾಟಕದಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಎಂದು ಕೆಳಹಂತದ ಪೊಲೀಸರು ಹೊರಟಾಗ ವೇತನದ ಜೊತೆಗೇ ಕೆಲಸದ ಅವಧಿ, ರಜೆ, ಮೇಲಧಿಕಾರಿಗಳ ಕಿರುಕುಳದ ದೂರುಗಳಿದ್ದವು. ವೇತನದ ಭಾಗಕ್ಕೆ ಔರಾದ್ಕರ್ ಸಮಿತಿಯ ವರದಿ ಬಂತು, 2019ರಲ್ಲಿ ಅದರ ಜಾರಿಗೆ ಆದೇಶವೂ ಆಯಿತು. ಉಳಿದ ಭಾಗ ಬಹುಮಟ್ಟಿಗೆ ಠಾಣೆಗಳ ಬಾಗಿಲಲ್ಲೇ ನಿಂತಿದೆ.

ಹೆಜ್ಜೆ 2: ಡ್ಯೂಟಿ ಚಾರ್ಟ್ ಒಂದು ವಾರ ಮೊದಲೇ ಗೋಡೆಗೆ ಬರಲಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಪುರಸೊತ್ತಿದ್ದರೆ ಇದನ್ನು ಮಾಡಿ.

ಹನ್ನೆರಡು ಗಂಟೆ ದುಡಿಯುವುದಕ್ಕಿಂತ ಯಾವಾಗ ಬಿಡುಗಡೆ ಎಂದು ಗೊತ್ತಿಲ್ಲದೆ ಒಂಬತ್ತು ಗಂಟೆ ದುಡಿಯುವುದೇ ಹೆಚ್ಚು ದಣಿಸುತ್ತದೆ. ಕೆಲಸದ ಹೊರೆ ಹೆಚ್ಚು, ಅದರ ಮೇಲೆ ತನ್ನ ಹಿಡಿತ ಕಡಿಮೆ. ಈ ಎರಡೂ ಸೇರಿದಾಗ ಒತ್ತಡ ತಾರಕಕ್ಕೇರುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಕಾನ್‌ಸ್ಟೇಬಲ್‌ನ ಹೊರೆಯನ್ನು ನೀವು ಅರ್ಧ ಮಾಡಲಾರಿರಿ. ಆದರೆ ಮುಂದಿನ ಗುರುವಾರ ಮಗಳ ಶಾಲೆಗೆ ಹೋಗಬಹುದೋ ಇಲ್ಲವೋ ಎಂದು ಈ ಭಾನುವಾರವೇ ಅವನಿಗೆ ಗೊತ್ತಾಗುವಂತೆ ಮಾಡಬಲ್ಲಿರಿ.

"ಇರುವ ಜನರಲ್ಲಿ ಎಲ್ಲಿಂದ ವಾರದ ರಜೆ ಕೊಡಲಿ?" ಎಂಬ ಪ್ರಶ್ನೆ ಬರುತ್ತದೆ. ಒಂದು ಸಾಮಾನ್ಯ ಠಾಣೆಯ ಲೆಕ್ಕ ಹಾಕಿಯೇ ನೋಡೋಣ. ಹಾಜರಿ ಪುಸ್ತಕದಲ್ಲಿ ಹೆಡ್ ಕಾನ್‌ಸ್ಟೇಬಲ್ (ಎಚ್‌ಸಿ), ಕಾನ್‌ಸ್ಟೇಬಲ್ (ಪಿಸಿ) ಸೇರಿ 44 ಜನ ಅಂದುಕೊಳ್ಳಿ. ಅದರಲ್ಲಿ 6 ಮಂದಿ ಬೇರೆ ಕಚೇರಿಗಳಿಗೆ ಓಓಡಿ (ಅನ್ಯ ಕೆಲಸದ ನಿಯೋಜನೆ), 3 ಮಂದಿ ತರಬೇತಿ ಅಥವಾ ದೀರ್ಘ ರಜೆಯಲ್ಲಿ. ಕೈಗೆ ಸಿಗುವವರು 35. ವಾರಕ್ಕೊಂದು ರಜೆ ಅಂದರೆ ದಿನಕ್ಕೆ 5 ಜನ ರಜೆ, 30 ಜನ ಕೆಲಸಕ್ಕೆ. ಈ ಮೂವತ್ತರಲ್ಲಿ ರೈಟರ್, ಕಂಪ್ಯೂಟರ್, ದಾಖಲೆ ಅಂತ 4, ಕೋರ್ಟ್ 2, ಸಮನ್ಸ್ ವಾರಂಟ್ 2, ಸೆಂಟ್ರಿ ಮೂರು ಪಾಳಿಗೆ 3, ಚಾಲಕರು 3, ಮಹಿಳಾ ಸಹಾಯವಾಣಿ 2. ಒಟ್ಟು 16 ಆಯಿತು. ಉಳಿದ 14ರಲ್ಲಿ ರಾತ್ರಿ ಗಸ್ತಿಗೆ 6, ಹಗಲಿನ ಬೀಟ್‌ಗೆ 3, ಕ್ರೈಂಗೆ 3, ಮೀಸಲು 2.

ತುಂಬುವ ಲೆಕ್ಕವೇ ಇದು, ಆದರೆ ಬಿಗಿ. ಮಾಮೂಲಿ ದಿನಗಳಲ್ಲಿ ನಡೆಯುತ್ತದೆ, ಬಂದೋಬಸ್ತ್ ಬಂದರೆ ಒಡೆಯುತ್ತದೆ. ಒಡೆದಾಗ ಏನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡುವುದರಲ್ಲೇ ನಾಯಕತ್ವ ಇರುವುದು. ನನ್ನ ಸಲಹೆ ಹೀಗಿದೆ: ಜನ ಬೇಕಾದಾಗ ಮೊದಲು ಮೀಸಲು, ಆಮೇಲೆ ಹಗಲಿನ ಬೀಟ್, ಆಮೇಲೆ ಸಮನ್ಸ್. ವಾರದ ರಜೆಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಹಾಕಲೇಬೇಕಾದರೆ "ಬಾಕಿ ರಜೆ" ಎಂಬ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಹತ್ತು ದಿನದೊಳಗೆ ವಾಪಸ್ ಕೊಡಬೇಕು. ಆ ಪುಸ್ತಕ ಬೀರುವಿನೊಳಗೆ ಇರಬಾರದು. ಯಾರು ಬೇಕಾದರೂ ತೆರೆದು ನೋಡುವಂತಿರಬೇಕು.

ಚಾರ್ಟ್ ಹಾಕುವ ಅಧಿಕಾರವನ್ನು ರೈಟರ್ ಒಬ್ಬರ ಕೈಯಲ್ಲೇ ಬಿಟ್ಟರೆ ಅದೊಂದು ಸಣ್ಣ ಸಾಮ್ರಾಜ್ಯವಾಗುತ್ತದೆ. ಬೇಕಾದವರಿಗೆ ಹಗಲು, ಬೇಡದವರಿಗೆ ಸೆಂಟ್ರಿ. ರೈಟರ್ ಕರಡು ಮಾಡಲಿ, ಪ್ರತಿ ತಿಂಗಳು ಸರದಿಯಂತೆ ಒಬ್ಬ ಎಚ್‌ಸಿ, ಒಬ್ಬ ಪಿಸಿ, ಒಬ್ಬ ಮಹಿಳಾ ಸಿಬ್ಬಂದಿ ಕೂತು ನೋಡಲಿ, ನೀವು ಸಹಿ ಹಾಕಿ. ಸಿಬ್ಬಂದಿ ತಮ್ಮೊಳಗೇ ಡ್ಯೂಟಿ ಬದಲಿಸಿಕೊಂಡರೆ ಬೇಡ ಅನ್ನಬೇಡಿ, ಇಬ್ಬರ ಸಹಿಯಿರುವ ಚೀಟಿ ಸಾಕು.

ಕೆಳಗಿನವರಿಗೆ ಯೋಜನೆ ಮಾಡಲು ಬರುವುದಿಲ್ಲ ಅನ್ನುವವರಿಗೆ ಮುಂಬೈನ ದೇವನಾರ್ ಠಾಣೆಯ ಉದಾಹರಣೆ ಇದೆ. ಅಲ್ಲಿನ ಒಬ್ಬ ಸಾಮಾನ್ಯ ಕಾನ್‌ಸ್ಟೇಬಲ್ ಎಂಟು ಗಂಟೆಯ ಪಾಳಿಯ ನಕ್ಷೆ ಬರೆದು ಕಮಿಷನರ್‌ಗೆ ಕೊಟ್ಟರು. ಆಗಿನ ಕಮಿಷನರ್ ದತ್ತಾ ಪಡಸಲಗೀಕರ್ 2016ರಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ಮಾಡಿಸಿದರು, ಆಮೇಲೆ ನಗರದ ಬೇರೆ ಠಾಣೆಗಳಿಗೂ ವಿಸ್ತರಿಸಿದರು. ಹೊರಗಿನ ಕನ್ಸಲ್ಟೆಂಟ್ ಬಂದು ಬರೆದ ನಕ್ಷೆಯಲ್ಲ ಅದು. ಯಾವ ಡ್ಯೂಟಿಗೆ ನಿಜವಾಗಿ ಎಷ್ಟು ಜನ ಸಾಕು ಎಂಬುದು ಆ ಡ್ಯೂಟಿ ಮಾಡಿದವನಿಗೇ ಗೊತ್ತು.

ರಜೆ ಅರ್ಜಿಯ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಠಾಣೆಗಳಲ್ಲಿ ಒಂದು ದೃಶ್ಯ ಮಾಮೂಲು: ತಂಗಿಯ ಸೀಮಂತಕ್ಕೆ ಎರಡು ದಿನ ರಜೆ ಬೇಕಾದ ಪಿಸಿ ಕೈಯಲ್ಲಿ ಮಡಚಿದ ಅರ್ಜಿ ಹಿಡಿದು ಚೇಂಬರಿನ ಹೊರಗೆ ನಿಂತಿರುತ್ತಾನೆ. ಒಳಗೆ ಯಾರೋ ಮುಖಂಡರು ಕೂತಿದ್ದಾರೆ. ಅವರು ಹೋದ ಮೇಲೆ ಸಾಹೇಬರು ರೌಂಡ್ಸ್‌ಗೆ ಹೊರಟರು. ಮರುದಿನ ಮತ್ತೆ ಅದೇ ಬಾಗಿಲು. ಕೊನೆಗೆ "ಇವಾಗಲೇ ಬೇಕಾ ನಿಂಗೆ?" ಎಂಬ ಮಾತಿನೊಂದಿಗೆ ಎರಡು ದಿನ ಒಂದಾಗುತ್ತದೆ. ರಜೆ ಸಿಕ್ಕರೂ ಮನಸ್ಸು ಕೆಟ್ಟಿರುತ್ತದೆ. ಅರ್ಜಿ ಹಾಕಲು ಒಂದು ಟ್ರೇ ಇಡಿ, 24 ಗಂಟೆಯೊಳಗೆ ಹೌದು ಅಥವಾ ಇಲ್ಲ ಎಂದು ಬರೆಯಿರಿ. ಇಲ್ಲ ಅಂದರೆ ಕಾರಣ ಒಂದು ಸಾಲು, ಬದಲಿ ತಾರೀಕು ಒಂದು. ಹುಟ್ಟುಹಬ್ಬಕ್ಕೆ ರಜೆ ಕೊಡಿ ಎಂಬ ಸುತ್ತೋಲೆಗಳು ಆಗಾಗ ಬರುತ್ತವೆ, ಒಳ್ಳೆಯದೇ. ಆದರೆ ಎಲ್ಲರ ಹುಟ್ಟಿದ ದಿನಾಂಕ ವರ್ಷದ ಚಾರ್ಟಿನಲ್ಲಿ ಮೊದಲೇ ಗುರುತಾಗಿದ್ದರೆ ಮಾತ್ರ ಅವು ಜಾರಿಯಾಗುತ್ತವೆ.

ಹೆಜ್ಜೆ 3: ರಾತ್ರಿ ಪಾಳಿ ಮುಗಿದವನನ್ನು ಮನೆಗೆ ಕಳಿಸಿ

ಬೆಳಿಗ್ಗೆ 6ಕ್ಕೆ ಗಸ್ತು ಮುಗಿಸಿದವನಿಗೆ 9 ಗಂಟೆಯ ರೋಲ್ ಕಾಲ್ ಕಡ್ಡಾಯ ಎಂಬ ಪದ್ಧತಿ ಎಷ್ಟು ಠಾಣೆಗಳಲ್ಲಿಲ್ಲ? ರೋಲ್ ಕಾಲ್ ಆದ ಮೇಲೆ "ಇದೊಂದು ಸಣ್ಣ ಕೆಲಸ" ಎಂದು ಕೋರ್ಟಿಗೆ ಕಳಿಸಿದರೆ ಅವನ ದಿನ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ.

ನಿದ್ದೆಯ ಬಗ್ಗೆ ಪ್ರಯೋಗಗಳಿವೆ. 17ರಿಂದ 19 ಗಂಟೆ ನಿರಂತರ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05% ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ 0.03%. ಡ್ರಂಕ್ ಅಂಡ್ ಡ್ರೈವ್ ತಪಾಸಣೆಗೆ ಯಂತ್ರ ಹಿಡಿದು ನಿಂತ ಪಿಸಿ ಹಿಂದಿನ ದಿನ ಬೆಳಿಗ್ಗೆಯಿಂದ ಮಲಗಿಲ್ಲದಿದ್ದರೆ, ಊದುವವನಿಗಿಂತ ಅವನ ತಲೆಯೇ ಮಂದವಾಗಿರಬಹುದು. ಆ ಸ್ಥಿತಿಯಲ್ಲಿ ಅವನು ಬೈಕ್ ಓಡಿಸಿಕೊಂಡು ಮನೆಗೆ ಹೋಗುತ್ತಾನೆ ಎಂಬುದನ್ನೂ ನೆನಪಿಡಿ.

ಮೂರು ನಿಯಮ ಬರೆದು ಹಾಕಿ. ರಾತ್ರಿ ಡ್ಯೂಟಿ ಮಾಡಿದವರಿಗೆ ಬೆಳಗಿನ ರೋಲ್ ಕಾಲ್ ಇಲ್ಲ. ಮಧ್ಯಾಹ್ನ 2ರ ತನಕ ಜೀವ ಹೋಗುವ ಸಂಗತಿ ಬಿಟ್ಟರೆ ಅವರಿಗೆ ಫೋನ್ ಇಲ್ಲ. ಸಾಕ್ಷಿ ಹೇಳಬೇಕಾದವರಿಗೆ ಹಿಂದಿನ ರಾತ್ರಿ ಗಸ್ತು ಇಲ್ಲ. ಸಮನ್ಸ್ ಠಾಣೆಗೇ ಬರುವುದರಿಂದ ಯಾರು ಯಾವತ್ತು ಕೋರ್ಟಿಗೆ ಎಂಬುದು ನಿಮಗೆ ಮೊದಲೇ ತಿಳಿದಿರುತ್ತದೆ. ನಿದ್ದೆಗಣ್ಣಲ್ಲಿ ಕಟಕಟೆ ಹತ್ತಿದ ಸಾಕ್ಷಿ ಕೇಸನ್ನೂ ಕೆಡಿಸುತ್ತಾನೆ. ಮೇಲಿನವರನ್ನು ಒಪ್ಪಿಸಲು ಈ ವಾದ ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಜ್ಜೆ 4: ಬಂದೋಬಸ್ತಿಗೆ ಮನುಷ್ಯರನ್ನು ಕಳಿಸುತ್ತಿದ್ದೀರಿ

ಗಣೇಶ ವಿಸರ್ಜನೆ, ಜಾತ್ರೆ, ದಸರಾ, ಚುನಾವಣೆ, ಗಣ್ಯರ ಭೇಟಿ. ನಮ್ಮ ಪೊಲೀಸರ ವರ್ಷದ ದೊಡ್ಡ ಪಾಲು ರಸ್ತೆ ಬದಿ ನಿಂತೇ ಕಳೆಯುತ್ತದೆ. ಬಂದೋಬಸ್ತ್ ತಪ್ಪಿಸಲು ನಿಮ್ಮಿಂದಾಗದು, ಸಹ್ಯವಾಗಿಸಲು ಆಗುತ್ತದೆ.

ಬ್ರೀಫಿಂಗ್‌ನಲ್ಲಿ ಪಾಯಿಂಟ್ ಮತ್ತು ಅಪಾಯ ಹೇಳುವಷ್ಟೇ ಗಮನದಿಂದ ಊಟ ಎಲ್ಲಿ, ಎಷ್ಟು ಹೊತ್ತಿಗೆ, ಶೌಚಾಲಯ ಯಾವುದು, ಬದಲಿ ಯಾರು, ಬಿಡುಗಡೆ ಯಾವಾಗ ಎಂಬುದನ್ನೂ ಹೇಳಿ. ಮಹಿಳಾ ಸಿಬ್ಬಂದಿ ಡ್ಯೂಟಿ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ, ಕಾರಣ ಹೇಳಬೇಕಿಲ್ಲ. ಪ್ರತಿ ಪಾಯಿಂಟಿನ ಹತ್ತಿರದ ಹೋಟೆಲ್, ಬ್ಯಾಂಕ್, ಶಾಲೆಯ ಶೌಚಾಲಯವನ್ನು ಹಿಂದಿನ ದಿನವೇ ಮಾತಾಡಿಟ್ಟು ಬಂದೋಬಸ್ತ್ ಸ್ಕೀಮಿನಲ್ಲಿ ಪಾಯಿಂಟಿನ ಮುಂದೆಯೇ ಬರೆಯಿರಿ. ನಾಲ್ಕು ಗಂಟೆಗೊಮ್ಮೆ ಹದಿನೈದು ನಿಮಿಷ ಕೂರಲು ಬಿಡುವ ಜೋಡಿ ವ್ಯವಸ್ಥೆ ಮಾಡಿ. ಹೊರ ಜಿಲ್ಲೆಯಿಂದ ಬಂದವರನ್ನು ಕಲ್ಯಾಣ ಮಂಟಪದ ಹಾಲಿನಲ್ಲಿ ಮಲಗಿಸುವುದಾದರೆ ನೀವು ಒಮ್ಮೆ ಆ ಹಾಲಿನ ಬಚ್ಚಲು ನೋಡಿ ಬನ್ನಿ. ಫ್ಯಾನ್ ಎಷ್ಟಿವೆ ಎಂದೂ ಎಣಿಸಿ.

ಸಲಕರಣೆಯನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕರ್ನಾಟಕದ ಕಾನ್‌ಸ್ಟೇಬಲ್‌ಗಳು ದಶಕಗಳ ಕಾಲ ಹೊತ್ತ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಓಡುವಾಗ, ಜನಜಂಗುಳಿಯಲ್ಲಿ ನುಗ್ಗುವಾಗ ಆ ಟೋಪಿ ಉದುರುತ್ತದೆ ಎಂಬುದು ಅದನ್ನು ಹೊತ್ತ ಯಾರಿಗೆ ಗೊತ್ತಿರಲಿಲ್ಲ? ಸರಿಯಾಗಲು ಇಷ್ಟು ವರ್ಷ ಬೇಕಾಯಿತು. ನಿಮ್ಮ ಠಾಣೆಯಲ್ಲಿ ಹಾಗೆ ಎಲ್ಲರಿಗೂ ಗೊತ್ತಿದ್ದು ಯಾರೂ ಸರಿ ಮಾಡದ ವಸ್ತು ಯಾವುದು ಎಂದು ಕೇಳಿ: ತೂತುಬಿದ್ದ ರೇನ್‌ಕೋಟ್, ಚಾರ್ಜ್ ನಿಲ್ಲದ ವಾಕಿಟಾಕಿ, ಚಿಲಕವಿಲ್ಲದ ಸ್ನಾನಗೃಹ.

ಬೆಂಗಳೂರಿನಲ್ಲಿ 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಾಗ ಜನ ಬೆಳಗಿನ ಜಾವದ ತನಕ ಬೀದಿಯಲ್ಲಿದ್ದರು, ಪೊಲೀಸರೂ ಇದ್ದರು. ಮರುದಿನವೇ ವಿಜಯೋತ್ಸವ, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತ, 11 ಸಾವು. ಆಮೇಲೆ ಅಮಾನತಾದ ಹಿರಿಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ, ಪೊಲೀಸರೂ ಮನುಷ್ಯರೇ, ತಯಾರಿಗೆ ಸಮಯವೇ ಕೊಡದೆ ಎಲ್ಲವನ್ನೂ ನಿಭಾಯಿಸಲು ಅವರು ದೇವರೂ ಅಲ್ಲ ಮಾಂತ್ರಿಕರೂ ಅಲ್ಲ ಎಂಬ ಅರ್ಥದ ಮಾತು ಹೇಳಿತು. ಹೊಣೆ ಯಾರದು ಎಂಬ ಚರ್ಚೆ ಬೇರೆ. ಠಾಣಾಧಿಕಾರಿ ಇದರಿಂದ ತೆಗೆದುಕೊಳ್ಳಬೇಕಾದ್ದು ಒಂದು ಅಭ್ಯಾಸ: ಜನ ಸಾಲುವುದಿಲ್ಲ, ಇದ್ದವರು ದಣಿದಿದ್ದಾರೆ ಎಂದು ಅನ್ನಿಸಿದಾಗ ಅದನ್ನು ಸಂಖ್ಯೆಯೊಂದಿಗೆ ಬರಹದಲ್ಲಿ ಮೇಲಕ್ಕೆ ಕಳಿಸಿ. "ಕಷ್ಟ ಆಗುತ್ತೆ ಸಾರ್" ಎಂಬ ಫೋನ್ ಮಾತು ದಾಖಲೆಯಾಗುವುದಿಲ್ಲ. "ಒಟ್ಟು 30, ಕಳೆದ 24 ಗಂಟೆಯಲ್ಲಿ 16 ಗಂಟೆಗಿಂತ ಹೆಚ್ಚು ದುಡಿದವರು 19" ಎಂಬ ಎರಡು ಸಾಲಿನ ವರದಿ ಆಗುತ್ತದೆ.

ಹೆಜ್ಜೆ 5: ಬಾಯಿ, ಮೆಮೊ, ವಾಟ್ಸಾಪ್

ಇಪ್ಪತ್ತಾರರ ಪಿಎಸ್‌ಐ ಐವತ್ತೈದರ ಎಎಸ್‌ಐಯನ್ನು ಸಾರ್ವಜನಿಕರ ಎದುರು ಏಕವಚನದಲ್ಲಿ ಗದರಿದರೆ ಆ ದಿನ ಠಾಣೆಯಲ್ಲಿ ಇನ್ಯಾವ ಕೆಲಸವೂ ಸರಿಯಾಗಿ ಆಗುವುದಿಲ್ಲ. ಎಎಸ್‌ಐ ಎಚ್‌ಸಿ ಮೇಲೆ ರೇಗುತ್ತಾರೆ, ಎಚ್‌ಸಿ ಪಿಸಿ ಮೇಲೆ, ಪಿಸಿ ದೂರು ಕೊಡಲು ಬಂದ ಅಜ್ಜಿಯ ಮೇಲೆ. ಠಾಣೆಯಲ್ಲಿ ಜನರಿಗೆ ಮರ್ಯಾದೆ ಸಿಗುತ್ತಿಲ್ಲ ಎಂಬ ದೂರಿನ ಬೇರು ಎಷ್ಟೋ ಸಲ ಬೆಳಗಿನ ರೋಲ್ ಕಾಲ್‌ನಲ್ಲಿರುತ್ತದೆ.

ಬೈಯದೆ ಶಿಸ್ತು ಬರುವುದಿಲ್ಲ ಅನ್ನುವ ಹಳೆಯ ಅಧಿಕಾರಿಗಳನ್ನು ನೀವು ನೋಡಿರುತ್ತೀರಿ. ಅವರ ಕಾಲದಲ್ಲೂ ಬರುತ್ತಿರಲಿಲ್ಲ, ಹೆದರಿಕೆ ಬರುತ್ತಿತ್ತು. ಹೆದರಿದವನು ತಪ್ಪನ್ನು ಮುಚ್ಚಿಡುತ್ತಾನೆ, ಅದು ನಿಮಗೆ ತಿಳಿಯುವುದು ಪತ್ರಿಕೆಯಲ್ಲಿ ಬಂದ ಮೇಲೆ.

ತಪ್ಪಾದಾಗ ಒಳಗೆ ಕರೆದು, ಕೂರಿಸಿ, ಏನಾಯಿತು ಎಂದು ಮೊದಲು ಕೇಳಿ. ಕೈತಪ್ಪಿ ಆದದ್ದು, ಗೊತ್ತಿಲ್ಲದೆ ಆದದ್ದು, ಬೇಕೆಂದೇ ಮಾಡಿದ್ದು ಈ ಮೂರನ್ನು ಬೇರೆ ಮಾಡಿ. ಮೆಮೊ ಮೂರನೆಯದಕ್ಕೆ ಮಾತ್ರ. ಎಲ್ಲದಕ್ಕೂ ಮೆಮೊ ಕೊಟ್ಟರೆ ಬೆಲೆಯೂ ಉಳಿಯುವುದಿಲ್ಲ, ಸಿಬ್ಬಂದಿ ಕೆಲಸ ಬಿಟ್ಟು ಸಮಜಾಯಿಷಿ ಬರೆಯುತ್ತಾ ಕೂರುತ್ತಾರೆ. ಒಂದೇ ತಪ್ಪಿಗೆ ನಿಮ್ಮ ಮೆಚ್ಚಿನವನಿಗೊಂದು, ಇನ್ನೊಬ್ಬನಿಗೊಂದು ಶಿಕ್ಷೆಯಾದರೆ ಅದನ್ನು ಇಡೀ ಠಾಣೆ ನಿವೃತ್ತಿಯ ತನಕ ನೆನಪಿಟ್ಟುಕೊಳ್ಳುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಿಡಿದು ತರಾಟೆಗೆ ತೆಗೆದುಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ. ರೋಲ್ ಕಾಲ್‌ನಲ್ಲಿ ಬೈಸಿಕೊಂಡವನು ಸಂಜೆಗೆ ಮರೆಯಬಹುದು. ಗ್ರೂಪಿನಲ್ಲಿ ಬೈಸಿಕೊಂಡದ್ದು ಮೊಬೈಲಿನಲ್ಲೇ ಉಳಿಯುತ್ತದೆ, ಅವನ ಹೆಂಡತಿಯೂ ಓದುತ್ತಾಳೆ. ಗ್ರೂಪನ್ನು ಆದೇಶ ಮತ್ತು ಮಾಹಿತಿಗೆ ಮಾತ್ರ ಇಡಿ, ರಾತ್ರಿ ಹತ್ತರ ಮೇಲೆ ಬಂದ ಸಂದೇಶಕ್ಕೆ ಆ ಹೊತ್ತಿನ ಡ್ಯೂಟಿಯವರು ಮಾತ್ರ "ಯೆಸ್ ಸಾರ್" ಹಾಕಿದರೆ ಸಾಕು ಎಂದು ಹೇಳಿಬಿಡಿ. ಇದೊಂದೇ ಬದಲಾವಣೆಗೆ ನಿಮಗೆ ಮನೆಮಂದಿಯ ಆಶೀರ್ವಾದವೂ ಸಿಗುತ್ತದೆ.

ದಿನಕ್ಕೆ ಇಷ್ಟು ಕೇಸು ಎಂಬ ಗುರಿ ಮೇಲಿನಿಂದ ಬಂದರೆ ಅದನ್ನು ತಲೆಗಿಷ್ಟು ಎಂದು ಹಂಚಬೇಡಿ. ಸಂಜೆ ಏಳಕ್ಕೆ ಸಂಖ್ಯೆ ತುಂಬದವನು ಯಾರನ್ನು ಹಿಡಿಯುತ್ತಾನೆ ಎಂದು ನಿಮಗೇ ಗೊತ್ತು.

ಹೆಜ್ಜೆ 6: ಕೆಟ್ಟ ದಿನದ ಮರುದಿನ

ಮಕ್ಕಳು ಸತ್ತ ಅಪಘಾತ, ಕೊಳೆತ ಶವದ ಪಂಚನಾಮೆ, ಸಹೋದ್ಯೋಗಿಯ ಸಾವು. ಇಂಥ ಡ್ಯೂಟಿ ಮಾಡಿದವರನ್ನು ಆ ಸಂಜೆಯೇ ಗುಂಪಾಗಿ ಕೂರಿಸಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿಸುವ ಪದ್ಧತಿ ಹೊರದೇಶಗಳಲ್ಲಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಆಮೇಲಿನ ಪರಿಶೀಲನೆಗಳಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ, ಕೆಲವರಿಗೆ ತೊಂದರೆಯೇ ಆಯಿತು. ಬಲವಂತ ಬೇಡ. ಬಟ್ಟೆ ಬದಲಿಸಿ ಸ್ನಾನ ಮಾಡಲು ಬಿಡಿ, ಬಿಸಿ ಊಟ ಸಿಗಲಿ, ಮನೆಗೆ ಒಬ್ಬರೇ ಗಾಡಿಯಲ್ಲಿ ಹೋಗದಂತೆ ನೋಡಿಕೊಳ್ಳಿ, ಮರುದಿನ ಹಗುರ ಡ್ಯೂಟಿ ಕೊಡಿ. ಎರಡು ಮೂರು ದಿನ ಬಿಟ್ಟು ಒಬ್ಬರೇ ಇದ್ದಾಗ "ನಿದ್ದೆ ಬರ್ತಿದೆಯಾ?" ಎಂದು ಕೇಳಿ. "ಧೈರ್ಯವಾಗಿದ್ದೀಯಾ?" ಎಂದು ಕೇಳಿದರೆ ಪೊಲೀಸ್ ಯಾವತ್ತೂ "ಹೂಂ ಸಾರ್" ಅನ್ನುತ್ತಾನೆ. ನಿದ್ದೆಯ ಪ್ರಶ್ನೆಗೆ ಮಾತ್ರ ನಿಜ ಹೇಳುತ್ತಾನೆ.

ಒಬ್ಬ ಸಿಬ್ಬಂದಿ ಇದ್ದಕ್ಕಿದ್ದಂತೆ ಮೌನವಾದರೆ, ಕುಡಿತ ಹೆಚ್ಚಿದರೆ, ಸಾಲಗಾರರು ಠಾಣೆಗೇ ಬರತೊಡಗಿದರೆ, ಅಮಾನತು ಅಥವಾ ಇಲಾಖಾ ವಿಚಾರಣೆ ಎದುರಿಸುತ್ತಿದ್ದರೆ, "ಇನ್ನು ನನ್ನಿಂದಾಗಲ್ಲ" ಎಂಬಂಥ ಮಾತಾಡಿದರೆ ತಡ ಮಾಡಬೇಡಿ. ಬದುಕುವುದು ಬೇಡ ಅನ್ನಿಸಿದೆಯಾ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಶಸ್ತ್ರ ಹಿಡಿಯುವ ಡ್ಯೂಟಿಯಿಂದ ಸದ್ದಿಲ್ಲದೆ ಬದಲಿಸಿ, ಶಿಕ್ಷೆಯಂತೆ ಕಾಣದ ಹಾಗೆ. ಒಬ್ಬರನ್ನೇ ಬಿಡಬೇಡಿ, ಮನೆಯವರೊಂದಿಗೆ ಮಾತಾಡಿ, ಅದೇ ದಿನ ವೈದ್ಯರಿಗೆ ತೋರಿಸಿ.

ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆಯನ್ನು ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ಅಲ್ಲಾದರೆ ಯಾರೂ ನೋಡದಂತೆ ಬರೆದುಕೊಳ್ಳಬಹುದು. ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಡಿ ರೋಗಿಯ ಹಕ್ಕು. ಯಾರು ಯಾವ ಡಾಕ್ಟರ ಹತ್ತಿರ ಹೋದರು ಎಂಬುದು ರೋಲ್ ಕಾಲ್‌ನ ತಮಾಷೆಯಾದ ದಿನ ಇನ್ನೊಬ್ಬನೂ ನಿಮ್ಮ ಬಳಿ ಬರುವುದಿಲ್ಲ.

ಹೆಜ್ಜೆ 7: ಎಸ್‌ಪಿ ಕಚೇರಿಯಲ್ಲಿ ಆಗಬೇಕಾದ್ದು

ಮೇಲಿನ ಲೆಕ್ಕದಲ್ಲಿ 44ರಲ್ಲಿ 6 ಮಂದಿ ಓಓಡಿ ಇದ್ದದ್ದನ್ನು ನೋಡಿದಿರಿ. ಜಿಲ್ಲಾ ಮಟ್ಟದಲ್ಲಿ ಮಾಡಬಹುದಾದ ದೊಡ್ಡ ಉಪಕಾರ ಇದೇ: ಯಾವ ಠಾಣೆಯ ಯಾರು ಎಲ್ಲೆಲ್ಲಿ ಅಂಟಿಕೊಂಡಿದ್ದಾರೆ ಎಂಬ ಪಟ್ಟಿ ಮಾಡಿ, ಆರು ತಿಂಗಳಿಗೊಮ್ಮೆ ಪರಿಶೀಲಿಸಿ ವಾಪಸ್ ಕಳಿಸುವುದು. ಸಿಬ್ಬಂದಿಯನ್ನು ಅಧಿಕಾರಿಗಳ ಮನೆಗೆಲಸಕ್ಕೆ ಇಟ್ಟುಕೊಳ್ಳುವ ಆರ್ಡರ್ಲಿ ಪದ್ಧತಿ ರದ್ದಾಗಿದೆ ಎಂದು ಸರ್ಕಾರ ಹೇಳಿದೆ. ಅದು ನಿಜಕ್ಕೂ ರದ್ದಾಗಿದೆಯೇ ಎಂದು ತಿಳಿಯಲು ಅಧಿಕಾರಿಗಳ ಮನೆಯ ಕಾಂಪೌಂಡಿನೊಳಗೆ ನಾಯಿ ಹಿಡಿದುಕೊಂಡಿರುವವರು ಯಾರು ಎಂದು ನೋಡಿದರೆ ಆಯಿತು.

ಎರಡನೆಯದು ವರ್ಗಾವಣೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ಎಂಟು ತಿಂಗಳಿಗೊಬ್ಬ ಸಾಹೇಬರು ಬದಲಾಗುವ ಠಾಣೆಯಲ್ಲಿ ಸಿಬ್ಬಂದಿ ಪ್ರತಿ ಸಲ ಹೊಸ ಮೂಡ್ ಕಲಿಯಬೇಕು. ಕೆಳಗಿನವರ ವರ್ಗಾವಣೆ ಶಾಲೆಗಳು ಶುರುವಾಗುವ ಮೊದಲೇ ಮುಗಿಯುವಂತೆ ನೋಡಿಕೊಳ್ಳಿ. ವರ್ಷಗಟ್ಟಲೆ ಎಳೆಯುವ ಇಲಾಖಾ ವಿಚಾರಣೆಗಳಿಗೂ ಒಂದು ಗಡುವು ಇರಲಿ. ತೀರ್ಪಿಗಿಂತ ಕಾಯುವುದೇ ದೊಡ್ಡ ಶಿಕ್ಷೆಯಾಗಿರುತ್ತದೆ.

ಕುಂದುಕೊರತೆ ಸಭೆ ಪ್ರತಿ ತಿಂಗಳು ನಡೆಸಿ, ಠಾಣಾಧಿಕಾರಿಗಳನ್ನು ಹೊರಗೆ ಕಳಿಸಿ ನಡೆಸಿ. 1966ರ ಕೇಂದ್ರ ಕಾಯ್ದೆಯೊಂದು ಪೊಲೀಸರು ಅನುಮತಿಯಿಲ್ಲದೆ ಸಂಘ ಕಟ್ಟುವುದನ್ನು ನಿರ್ಬಂಧಿಸುತ್ತದೆ. ಬೇರೆ ನೌಕರರಿಗಿರುವ ದಾರಿ ಇವರಿಗಿಲ್ಲ. ಆದ್ದರಿಂದ ಇಲಾಖೆಯೇ ತೆರೆದ ಬಾಗಿಲು ನಿಜವಾಗಿ ತೆರೆದಿರಬೇಕು. ಕಳೆದ ಸಭೆಯ ಅಹವಾಲುಗಳಲ್ಲಿ ಎಷ್ಟು ಆಯಿತು, ಎಷ್ಟು ಆಗಲಿಲ್ಲ ಎಂಬುದನ್ನು ಓದಿಯೇ ಮುಂದಿನ ಸಭೆ ಶುರುವಾಗಲಿ.

ಕಾನ್‌ಸ್ಟೇಬಲ್ ಮಿತ್ರರಿಗೆ

ನಿಮ್ಮ ಕೈಯಲ್ಲಿರುವುದು ಕಡಿಮೆ, ಆದರೂ ಸ್ವಲ್ಪ ಇದೆ. ರಜೆಯನ್ನು ಬರಹದಲ್ಲೇ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ನಿಮ್ಮ ಡ್ಯೂಟಿ ಗಂಟೆಗಳನ್ನು ಒಂದು ಸಣ್ಣ ಡೈರಿಯಲ್ಲಿ ಬರೆಯುತ್ತಾ ಹೋಗಿ. ರಾತ್ರಿ ಪಾಳಿಯ ನಂತರ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಿ, ಬೆಳಗಿನ ಜಾವದ ಟೀ ಕಡಿಮೆ ಮಾಡಿ. ಬಿಪಿ, ಶುಗರ್ ಪರೀಕ್ಷೆಯನ್ನು ನಲವತ್ತರ ತನಕ ಮುಂದೂಡಬೇಡಿ. ಪೊಲೀಸರ ಚಿಕಿತ್ಸೆಗೆಂದೇ ಇರುವ ಆರೋಗ್ಯ ಭಾಗ್ಯ ಯೋಜನೆ ಇರುವುದು ನಿಮಗೂ ನಿಮ್ಮ ಮನೆಯವರಿಗೂ. ಮನೆಯವರಿಗೆ ಕೇಸಿನ ವಿವರ ಹೇಳಬೇಕಿಲ್ಲ, "ಇವತ್ತು ದಿನ ಕೆಟ್ಟದಾಗಿತ್ತು" ಅಂದರೆ ಸಾಕು, ಉಳಿದದ್ದು ಅವರಿಗೆ ಅರ್ಥವಾಗುತ್ತದೆ.

ಹೆಜ್ಜೆ 8: ಮೂರು ತಿಂಗಳ ನಂತರ ಮತ್ತೆ ಅದೇ ಹಾಳೆ

ಮೊದಲ ಹೆಜ್ಜೆಯ ಹಾಳೆಯನ್ನು ಮೂರು ತಿಂಗಳಾದ ಮೇಲೆ ಮತ್ತೆ ತುಂಬಿ ಹೋಲಿಸಿ. ಕೆಲಸದ ಗಂಟೆ ಅಷ್ಟೇನೂ ಇಳಿಯದಿರಬಹುದು. ತಿರಸ್ಕಾರವಾದ ರಜೆ, ವಾಪಸ್ ಸಿಗದ ಬಾಕಿ ರಜೆ, ಗೈರುಹಾಜರಿ, ಅನಾರೋಗ್ಯದ ರಜೆ, ಠಾಣೆಯ ಸಿಬ್ಬಂದಿಯ ವರ್ತನೆ ಬಗ್ಗೆ ಸಾರ್ವಜನಿಕರ ದೂರು, ಈ ಐದು ಅಂಕಿ ಇಳಿದಿದ್ದರೆ ನಿಮ್ಮ ದಾರಿ ಸರಿಯಿದೆ. ಇಳಿಯದಿದ್ದರೆ ಚೀಟಿ ಪೆಟ್ಟಿಗೆಯನ್ನು ಮತ್ತೊಮ್ಮೆ ಊಟದ ಕೋಣೆಯಲ್ಲಿಡಿ.

ನಿಮಗೆ ವರ್ಗಾವಣೆ ಆದಾಗ ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಶಸ್ತ್ರಾಸ್ತ್ರ, ಮಾಲು, ಬಾಕಿ ತನಿಖೆಗಳ ಜೊತೆಗೆ ಬಾಕಿ ರಜೆ ಪುಸ್ತಕವನ್ನೂ ಮುಂದಿನ ವಾರದ ಡ್ಯೂಟಿ ಚಾರ್ಟನ್ನೂ ಸೇರಿಸಿ, ಬರುವವರ ಸಹಿ ತೆಗೆದುಕೊಳ್ಳಿ.